ಟ್ರಿನಿಡಾಡ್‌ನಲ್ಲಿ ಗೈಡ್ ಜತೆ ಊರವರ ಬದುಕು ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ಸಲ ಟ್ರಿನಿಡಾಡ್‌ಗೆ ಹೋಗಿ ಬಂದಿದ್ದೇನೆ. ಕೊನೆಯ ಎರಡು ಸಲ ಮೈಸೂರು, ಬೆಂಗಳೂರು ಕಡೆಯ ಹತ್ತು ಹನ್ನೆರಡು ಜನರ ಗುಂಪು ಜತೆಗಿತ್ತು. ಮದುವೆ ಮನೆಯಲ್ಲಿ ಸಿಕ್ಕವರು, ಫೋನ್ ಮಾಡಿದವರು, ಪತ್ರ ಬರೆದವರು ಕೇಳುವುದು ಹೆಚ್ಚು ಕಡಿಮೆ ಇದನ್ನೇ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಹೊರಡುವ ಮೊದಲು

ಕೆರಿಬಿಯನ್ ಅಂದ್ರೆ ಬೀಚು, ಕ್ರೂಸು ಅಷ್ಟೇ ಅಲ್ವಾ? ಅಲ್ಲಿ ಜನಜೀವನ ಅಂತ ನೋಡೋಕೆ ಏನಿದೆ?

ಕ್ರೂಸ್‌ನಲ್ಲಿ ಹೋದರೆ ಬೀಚೇ ಕಾಣುತ್ತದೆ. ಹಡಗು ಬೆಳಿಗ್ಗೆ ನಿಲ್ಲುತ್ತದೆ, ಸಂಜೆ ಹೊರಡುತ್ತದೆ. ಅಷ್ಟರಲ್ಲಿ ಯಾರ ಪರಿಚಯ ಆದೀತು?

ಟ್ರಿನಿಡಾಡ್ ವಿಷಯ ಬೇರೆ. ವೆನೆಜುವೆಲಾ ತೀರದಿಂದ 11 ಕಿ.ಮೀ. ದೂರದ ದ್ವೀಪ ಇದು. ಪಕ್ಕದ ಟೊಬೇಗೊ ದ್ವೀಪ ಸೇರಿಸಿದರೂ ದೇಶದ ಜನಸಂಖ್ಯೆ ಸುಮಾರು 14 ಲಕ್ಷ. ಪ್ರವಾಸಿಗರನ್ನೇ ನಂಬಿ ಬದುಕುವ ದೇಶವಲ್ಲ, ತೈಲ ಮತ್ತು ಅನಿಲದ ದೇಶ. ನಿಮಗಾಗಿ ವೇಷ ಹಾಕಿಕೊಂಡು ಯಾರೂ ಕಾಯುತ್ತಿರುವುದಿಲ್ಲ. ಬೆಳಿಗ್ಗೆ ಆರಕ್ಕೆ ಡಬಲ್ಸ್ ಎಂಬ ಬೀದಿ ತಿಂಡಿ ತಿಂದು ಕೆಲಸಕ್ಕೆ ಓಡುವವರು, ಸಂಜೆ ಬಯಲಿನಲ್ಲಿ ಕ್ರಿಕೆಟ್ ಆಡುವವರು, ರಾತ್ರಿ ಸ್ಟೀಲ್‌ಪ್ಯಾನ್ ಎಂಬ ಲೋಹದ ವಾದ್ಯ ಅಭ್ಯಾಸ ಮಾಡುವವರು ಎಲ್ಲರೂ ತಮಗಾಗಿ ಅದನ್ನು ಮಾಡುತ್ತಿರುತ್ತಾರೆ. ನನಗೆ ಈ ದ್ವೀಪ ಹಿಡಿಸಿದ್ದು ಇದೇ ಕಾರಣಕ್ಕೆ.

ಗೈಡ್ ಬೇಕೇ ಬೇಕಾ? ಇಂಗ್ಲಿಷ್ ಬರುತ್ತಲ್ಲ, ನಾವೇ ಸುತ್ತಬಾರದಾ?

ಜಾಗ ನೋಡುವುದಕ್ಕೆ ಗೈಡ್ ಬೇಡ. ಒಬ್ಬರ ಮನೆಯ ಒಳಗೆ ಹೋಗುವುದಕ್ಕೆ ಬೇಕು. ನಮ್ಮ ಹಳ್ಳಿಗೆ ಯಾರೋ ಅಪರಿಚಿತರು ಬಂದು ಅಡುಗೆಮನೆ ನೋಡಬೇಕು ಅಂದರೆ ಹೇಗಿರುತ್ತದೆ? ಅದೇ ಪಕ್ಕದ ಬೀದಿಯ ಹುಡುಗ "ಇವರು ನಮ್ಮವರು" ಎಂದು ಕರೆತಂದರೆ ಚಾಪೆ ಹಾಸುತ್ತಾರೆ. ಅಂಥ ಹುಡುಗನೋ ಹುಡುಗಿಯೋ ನಿಮಗೆ ಬೇಕಾದ ಗೈಡ್. ಪರಿಚಯ ಮಾಡಿಸಿ, ಪಕ್ಕಕ್ಕೆ ಸರಿದು ಸುಮ್ನೆ ಕೂರುವವರು. ದಾರಿಯುದ್ದಕ್ಕೂ ಮೈಕ್ ಹಿಡಿದು ಮಾತಾಡುವವರು ಬೇಡ.

ಬುಕ್ ಮಾಡುವ ಮೊದಲು ಇಷ್ಟು ಕೇಳಿ: "ನೀವು ಯಾವ ಊರಿನವರು? ನಮ್ಮನ್ನು ಕರೆದುಕೊಂಡು ಹೋಗುವ ಊರಲ್ಲಿ ನಿಮಗೆ ಯಾರು ಗೊತ್ತು?" ಹೆಸರು ಹೇಳುವವರನ್ನು ನಂಬಬಹುದು. ಜಾಗಗಳ ಪಟ್ಟಿ ಕಳಿಸುವವರ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಯಾವ ತಿಂಗಳು ಒಳ್ಳೆಯದು?

ಜನವರಿಯಿಂದ ಮೇವರೆಗೆ ಮಳೆ ಕಡಿಮೆ. ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಕಾರ್ನಿವಲ್ ಎಂಬ ದೊಡ್ಡ ಬೀದಿ ಹಬ್ಬ ಬರುತ್ತದೆ. ಆಗ ರೂಮಿನ ಬಾಡಿಗೆ ವಿಪರೀತ ಏರುತ್ತದೆ, ಊರವರೂ ಗಡಿಬಿಡಿಯಲ್ಲಿರುತ್ತಾರೆ. ಮನೆಗಳಿಗೆ ಹೋಗಿ ಕೂರುವ ಆಸೆ ಇದ್ದರೆ ದೀಪಾವಳಿಯ ಸಮಯ ನೋಡಿ. ಅಲ್ಲಿ ಭಾರತ ಮೂಲದವರು ತುಂಬಾ ಇದ್ದಾರೆ, ದೀಪಾವಳಿಗೆ ಸರ್ಕಾರಿ ರಜೆ ಇದೆ.

ವೀಸಾ, ಇಂಜೆಕ್ಷನ್, ಬಟ್ಟೆಬರೆ ಬಗ್ಗೆ ಏನಾದ್ರೂ ಗೊತ್ತಿರಬೇಕಾ?

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಅಮೆರಿಕ, ಬ್ರಿಟನ್ ಅಥವಾ ಯುರೋಪ್ ಮೂಲಕ ಹೋಗಬೇಕು. ಆದ್ದರಿಂದ ದಾರಿಯಲ್ಲಿ ಸಿಗುವ ದೇಶದ ಟ್ರಾನ್ಸಿಟ್ ವೀಸಾವನ್ನೇ ಮೊದಲು ನೋಡಿಕೊಳ್ಳಿ. ಟ್ರಿನಿಡಾಡ್‌ನ ಪ್ರವೇಶ ನಿಯಮವನ್ನು ಟಿಕೆಟ್ ತೆಗೆಯುವ ಮೊದಲು ಅವರ ಹೈಕಮಿಷನ್‌ನಲ್ಲಿ ವಿಚಾರಿಸಿ.

ಜಾಸ್ತಿ ಜನ ಮರೆಯುವುದು ಹಳದಿ ಜ್ವರದ ಲಸಿಕೆ. ಹಳದಿ ಜ್ವರ ಇರುವ ದೇಶಗಳ ಭಾರತ ಸರ್ಕಾರದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಲಸಿಕೆಯ ಸರ್ಟಿಫಿಕೇಟ್ ಇಲ್ಲದೆ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಹಿಡಿದು ಕ್ವಾರಂಟೈನ್‌ಗೆ ಕಳಿಸಬಹುದು. ಹೊರಡುವ ದಿನಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ಮಿಲಿಟರಿ ಬಟ್ಟೆಯಂಥ ಹಸಿರು ಚುಕ್ಕೆ ಪ್ಯಾಂಟು, ಟೋಪಿ, ಬ್ಯಾಗು ಯಾವುದನ್ನೂ ತರಬೇಡಿ. ಅಲ್ಲಿ ಜನಸಾಮಾನ್ಯರು ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಮಕ್ಕಳ ಬಟ್ಟೆಗೂ ಇದೇ ನಿಯಮ.

## ಇಳಿದ ಮೇಲೆ

ನನಗೆ ಸಂಕೋಚ ಜಾಸ್ತಿ. ಮಾತು ಶುರು ಮಾಡೋದು ಹೇಗೆ?

"ಗುಡ್ ಮಾರ್ನಿಂಗ್" ಅನ್ನಿ. ಅಷ್ಟೇ ಸಾಕು, ಆದರೆ ಅಷ್ಟು ಬೇಕೇ ಬೇಕು.

ಅಂಗಡಿಗೆ ಕಾಲಿಟ್ಟ ಕೂಡಲೇ, ಮ್ಯಾಕ್ಸಿ ಎಂಬ ಬಾಡಿಗೆ ವ್ಯಾನು ಹತ್ತಿದ ಕೂಡಲೇ, ಆಸ್ಪತ್ರೆಯಲ್ಲಿ ಕಾಯುವ ಜಾಗಕ್ಕೆ ಹೋದ ಕೂಡಲೇ ಯಾರನ್ನೂ ನಿರ್ದಿಷ್ಟವಾಗಿ ನೋಡದೆ ಎಲ್ಲರಿಗೂ ಸೇರಿಸಿ ಹೇಳಬೇಕು. ಒಳಗಿದ್ದವರೆಲ್ಲ ಒಟ್ಟಿಗೆ ತಿರುಗಿ ಹೇಳುತ್ತಾರೆ. ಹೇಳದೆ ನೇರವಾಗಿ "ನೀರಿನ ಬಾಟಲ್ ಎಷ್ಟು?" ಅಂದರೆ ಅದು ಒರಟುತನ. ನಮ್ಮ ಗುಂಪಿನ ಒಬ್ಬ ಹಿರಿಯರು ಹಾಗೆ ಕೇಳಿದಾಗ ಅಂಗಡಿಯ ಹೆಂಗಸು ಬೆಲೆ ಹೇಳಲಿಲ್ಲ. ನಿಧಾನವಾಗಿ "ಗುಡ್ ಮಾರ್ನಿಂಗ್" ಅಂದು ಕಾದರು. ಇವರು ಹೇಳಿದ ಮೇಲೆ ಬೆಲೆಯೂ ಬಂತು, ನಗುವೂ ಬಂತು.

ಕತ್ತಲಾದ ಮೇಲೆ ಭೇಟಿಯಾದಾಗಲೇ "ಗುಡ್ ನೈಟ್" ಅನ್ನುತ್ತಾರೆ. ನಮಗೆ ಅದು ಹೊರಡುವಾಗಿನ ಮಾತು, ಅವರಿಗೆ ನಮಸ್ಕಾರ. ಎದ್ದು ಹೋಗಬೇಡಿ, ಕೂತುಕೊಳ್ಳಿ.

ಅವರ ಇಂಗ್ಲಿಷ್ ನಮಗೆ ಅರ್ಥ ಆಗುತ್ತಾ?

ಎರಡು ದಿನ ಕಷ್ಟ, ಆಮೇಲೆ ಆಗುತ್ತದೆ. ಅದು ಅವರದೇ ಆಡುಮಾತು, ತಪ್ಪು ಇಂಗ್ಲಿಷ್ ಅಲ್ಲ. ಅದರೊಳಗೆ ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕಾದ ಭಾಷೆಗಳು, ಭೋಜ್‌ಪುರಿ ಎಲ್ಲ ಸೇರಿಕೊಂಡಿವೆ. "ಜಸ್ಟ್ ನೌ ಬರ್ತೀನಿ" ಅಂದರೆ ಈಗಲೇ ಅಂತ ಅಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಅಂತ. ಆ "ಸ್ವಲ್ಪ" ಒಂದು ಗಂಟೆಯೂ ಆಗಬಹುದು.

"ಲೈಮ್" ಮಾಡೋಣ ಅಂತಾರಲ್ಲ, ಏನದು?

ಕಟ್ಟೆ ಮೇಲೆ ಕೂತು ಹರಟೆ ಹೊಡೆಯುವುದಕ್ಕೆ ನಾವು ಏನನ್ನುತ್ತೇವೋ ಅದು. ಕೆಲಸವಿಲ್ಲ, ಹೊತ್ತಿನ ಗೊಡವೆ ಇಲ್ಲ. ರಮ್ ಅಂಗಡಿ ಮುಂದೆ, ಸೇತುವೆ ಮೇಲೆ, ಹೊಳೆ ದಂಡೆಯಲ್ಲಿ, ಮನೆಯ ಜಗಲಿಯಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ. ಹೊಳೆ ದಂಡೆಯ ಲೈಮ್‌ಗೆ ದೊಡ್ಡ ಪಾತ್ರೆ ಹೊತ್ತುಕೊಂಡು ಹೋಗಿ ಅಲ್ಲೇ ಅಡುಗೆ ಮಾಡುತ್ತಾರೆ. ಕರೆದರೆ ಬೇಡ ಅನ್ನಬೇಡಿ. ಸೌದೆ ತಂದುಕೊಡಿ, ಈರುಳ್ಳಿ ಹೆಚ್ಚಿಕೊಡಿ. ಅಷ್ಟು ಮಾಡಿದರೆ ನೀವು ಅತಿಥಿಯಾಗಿ ಉಳಿಯುವುದಿಲ್ಲ.

ಊರವರು ಓಡಾಡೋ ಗಾಡಿಯಲ್ಲೇ ಹೋಗಬಹುದಾ, ಇಲ್ಲ ಟೂರ್ ಬಸ್ಸೇನಾ?

ಒಂದು ದಿನವಾದರೂ ಮ್ಯಾಕ್ಸಿ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ ಎಂದು ಗೈಡ್‌ಗೆ ಮೊದಲೇ ಹೇಳಿ. ಬಿಳಿ ವ್ಯಾನು, ಮೈಮೇಲೆ ಬಣ್ಣದ ಪಟ್ಟಿ. ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಮತ್ತು ಪಶ್ಚಿಮದ ಕಡೆ ಹಳದಿ, ಪೂರ್ವದ ಕಡೆ ಕೆಂಪು, ಚಗ್ವಾನಸ್ ಮತ್ತು ದಕ್ಷಿಣದ ಕಡೆ ಹಸಿರು. ಇಂಥದೇ ಟೈಮ್ ಅಂತ ಇಲ್ಲ. ಸೀಟು ತುಂಬಿದ ಮೇಲೆ ಹೊರಡುತ್ತದೆ, ನಮ್ಮ ಟೆಂಪೊಗಳ ಹಾಗೆ. ಸಾಮಾನ್ಯ ಕಾರುಗಳೂ ಸೀಟಿನ ಲೆಕ್ಕದಲ್ಲಿ ಓಡುತ್ತವೆ. ನಂಬರ್ ಪ್ಲೇಟಿನಲ್ಲಿ ಮೊದಲ ಅಕ್ಷರ "ಎಚ್" ಇದ್ದರೆ ಅದು ಬಾಡಿಗೆ ಗಾಡಿ. "ಪಿ" ಇರುವ ಖಾಸಗಿ ಗಾಡಿ ಹತ್ತಬೇಡಿ.

ಸೇಫಾ? ನ್ಯೂಸಲ್ಲಿ ಏನೇನೋ ಬರುತ್ತೆ.

ನ್ಯೂಸ್ ಸುಳ್ಳಲ್ಲ. ಗ್ಯಾಂಗುಗಳ ಕಾಟ ಜಾಸ್ತಿಯಾಗಿ 2024ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. 2025ರಲ್ಲಿ ಮತ್ತೊಮ್ಮೆ ಘೋಷಿಸಿತು. ಹೊರಡುವ ವಾರ ಭಾರತೀಯ ಹೈಕಮಿಷನ್‌ನ ಸೂಚನೆ ಓದಿ. ರಾಜಧಾನಿಯ ಕೆಲವು ಬಡಾವಣೆಗಳಿಗೆ ಪರಿಚಯದವರಿಲ್ಲದೆ ಹೋಗಬಾರದು. ಯಾವುವು ಅಂತ ಗೈಡ್ ಹೇಳುತ್ತಾರೆ, ಅವರ ಜತೆ ವಾದ ಮಾಡಬೇಡಿ. ಚಿನ್ನದ ಸರ ಮನೆಯಲ್ಲಿ ಬಿಟ್ಟು ಬನ್ನಿ. ರಾತ್ರಿ ಕಾಲ್ನಡಿಗೆ ಬೇಡ.

## ಊಟ ತಿಂಡಿ

ನಾವು ಪಕ್ಕಾ ಸಸ್ಯಾಹಾರಿಗಳು. ಉಪವಾಸ ಬೀಳ್ತೀವಾ?

ಖಂಡಿತ ಇಲ್ಲ. ಬದನೆಕಾಯಿ ಸುಟ್ಟು ಮಾಡುವ ಬೈಗನ್ ಚೋಕಾ, ಟೊಮೆಟೊ ಚೋಕಾ, ಅದರ ಜತೆ ಸಾದಾ ರೋಟಿ, ಇದು ಅನೇಕ ಮನೆಗಳ ಬೆಳಗಿನ ತಿಂಡಿ. ಮಧ್ಯಾಹ್ನ ಬೇಳೆ ತುಂಬಿದ ದಾಲ್‌ಪುರಿ, ಕುಂಬಳಕಾಯಿ ಪಲ್ಯ, "ಬೋಡಿ" ಅಂದರೆ ಉದ್ದ ಅಲಸಂದೆಕಾಯಿ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ ಕರಿಯುವ ಸಹೀನಾ ತಿಂದಾಗ ನಮ್ಮ ಗುಂಪಿನ ಮಂಗಳೂರಿನವರು "ಇದು ಪತ್ರೊಡೆಯ ತಂಗಿ" ಅಂದರು. ಎಲ್ಲದಕ್ಕೂ ಹಾಕುವ ಶ್ಯಾಡೊ ಬೆನಿ ಸೊಪ್ಪು ನಮ್ಮ ಮಲೆನಾಡಿನ ಹಿತ್ತಲಲ್ಲಿ ಬೆಳೆಯುವ ಉದ್ದ ಎಲೆಯ ಕಾಡುಕೊತ್ತಂಬರಿಯೇ.

ಎಚ್ಚರ ಬೇಕಾದ್ದು ಕಲಾಲೂ ವಿಷಯದಲ್ಲಿ. ಕೆಸುವಿನ ಸೊಪ್ಪು, ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಕುದಿಸಿದ ಅದು ನೋಡಲು ಸೊಪ್ಪಿನ ಸಾರಿನ ಹಾಗೇ ಇರುತ್ತದೆ. ಒಳಗೆ ಏಡಿಯೋ ಉಪ್ಪು ಹಾಕಿದ ಹಂದಿ ಬಾಲವೋ ಇರಬಹುದು. "ವೆಜ್ಜಾ?" ಅಂತ ಕೇಳಬೇಡಿ. ಮಾಂಸ, ಮೀನು, ಏಡಿ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಿ.

ಡಬಲ್ಸ್ ಡಬಲ್ಸ್ ಅಂತೀರಲ್ಲ, ಅದರಲ್ಲಿ ಅಂಥದ್ದೇನಿದೆ?

ಅಂಗೈ ಅಗಲದ ಮೆತ್ತನೆಯ ಅರಿಶಿನ ಬಣ್ಣದ ಕರಿದ ರೊಟ್ಟಿ, ಹೆಸರು ಬಾರಾ. ಎರಡು ಬಾರಾ ಒಂದರ ಮೇಲೊಂದು ಸ್ವಲ್ಪ ಸರಿಸಿ ಹಾಕಿ, ಮೇಲೆ ಕಡಲೆಕಾಳಿನ ಗೊಜ್ಜು, ಹುಣಸೆ ಚಟ್ನಿ, ಸೌತೆಕಾಯಿ, "ಕುಚೇಲಾ" ಅನ್ನುವ ಮಾವಿನ ಉಪ್ಪಿನಕಾಯಿ, ಖಾರ. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್‌ನಲ್ಲಿ ಶುರುವಾದದ್ದು. ಮೊದಲು ಒಂದೇ ಬಾರಾ ಇತ್ತಂತೆ. ಜನ "ಡಬಲ್ ಮಾಡಿ" ಅಂದರು, ಅದೇ ಹೆಸರಾಯಿತು.

ನಾನು ಬೆಳಿಗ್ಗೆ ಆರೂಕಾಲಿಗೆ ಕ್ಯುರೆಪ್ ಎಂಬ ಊರಿನಲ್ಲಿ ನಿಂತು ನೋಡಿದ್ದನ್ನು ಹೇಳುತ್ತೇನೆ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಬಾರಾ ಡಬ್ಬಿ, ಹಬೆಯಾಡುವ ಚನ್ನಾ ಪಾತ್ರೆ. ಪೊಲೀಸ್ ಒಬ್ಬರು, ಶಾಲೆಯ ಸಮವಸ್ತ್ರದ ಇಬ್ಬರು ಹುಡುಗಿಯರು, ಸಿಮೆಂಟು ಮೆತ್ತಿದ ಬೂಟಿನ ಕೆಲಸಗಾರ, ಸೂಟು ಹಾಕಿದ ಬ್ಯಾಂಕಿನವರು ಎಲ್ಲರೂ ಅರ್ಧ ವೃತ್ತದಲ್ಲಿ ನಿಂತು, ಕಾಗದದ ಮೇಲೆ ಬಾಗಿ ತಿನ್ನುತ್ತಿದ್ದರು. ಚಮಚ ಇಲ್ಲ. ಬಾರಾವನ್ನೇ ಹರಿದು ಚನ್ನಾ ಎತ್ತಬೇಕು. ಮಾರುವವರು ಕೇಳುವುದು ಒಂದೇ ಮಾತು, ಖಾರ ಎಷ್ಟು ಅಂತ. "ಸ್ಲೈಟ್" ಅಂದರೆ ಚೂರು. ನಾವು ಆಂಧ್ರ ಊಟ ತಿಂದವರು ಅಂತ ಮೊದಲ ದಿನವೇ ಜಾಸ್ತಿ ಕೇಳಬೇಡಿ, ಅಲ್ಲಿನ ಮೆಣಸಿನ ಖಾರವೇ ಬೇರೆ. ತಿಂದು ಮುಗಿಸಿದ ಮೇಲೆ ಎಷ್ಟು ತಿಂದಿರಿ ಎಂದು ನೀವೇ ಹೇಳಿ ದುಡ್ಡು ಕೊಡಬೇಕು. ಆ ಗದ್ದಲದಲ್ಲಿ ಯಾರೂ ಲೆಕ್ಕ ಇಡುತ್ತಿರಲಿಲ್ಲ.

ಹೋಟೆಲ್ ತಿಂಡಿ ಬಿಟ್ಟು ಇಲ್ಲಿಗೆ ಕರೆದುಕೊಂಡು ಬರದ ಗೈಡ್ ನಿಮಗೆ ಟ್ರಿನಿಡಾಡ್ ತೋರಿಸಿದ ಹಾಗೆ ಆಗಲಿಲ್ಲ.

## ಹಾಡು, ಹಬ್ಬ, ಆಟ

ಕಾರ್ನಿವಲ್‌ಗೆ ಹೋಗದಿದ್ದರೆ ನಷ್ಟ ತಾನೇ?

ನನ್ನ ಮನಸ್ಸಿಗೆ ಕಾರ್ನಿವಲ್‌ಗಿಂತ ಅದರ ತಯಾರಿಯೇ ಹತ್ತಿರ. ಕ್ರಿಸ್‌ಮಸ್ ಮುಗಿದ ಮೇಲೆ ರಾತ್ರಿ ಹೊತ್ತು ಪ್ಯಾನ್‌ಯಾರ್ಡ್‌ಗಳಿಗೆ ಹೋಗಿ. ಪನೋರಮಾ ಸ್ಪರ್ಧೆಗಾಗಿ ಸ್ಟೀಲ್‌ಪ್ಯಾನ್ ತಂಡಗಳು ಅಭ್ಯಾಸ ಮಾಡುವ ಅಂಗಳಗಳು ಅವು. ನೂರರಷ್ಟು ಜನ, ತಗಡಿನ ಸೂರಿನ ಕೆಳಗೆ, ಅದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಶಾಲೆಯ ಹುಡುಗಿಯ ಪಕ್ಕದಲ್ಲಿ ಅಜ್ಜ. ತಪ್ಪಾದರೆ ನಿಲ್ಲಿಸಿ ಮೊದಲಿಂದ. ಬೆಂಚಿನ ಮೇಲೆ ಕೂತು ಬೇಕಾದಷ್ಟು ಹೊತ್ತು ಕೇಳಬಹುದು.

ಆ ವಾದ್ಯದ ಕತೆ ಗೊತ್ತಿದ್ದು ಕೇಳಿದರೆ ಬೇರೆಯೇ ಅನಿಸುತ್ತದೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಚರ್ಮದ ಡ್ರಮ್ ಬಾರಿಸದಂತೆ 1880ರ ದಶಕದಲ್ಲಿ ಬ್ರಿಟಿಷರು ತಡೆದರು. ಜನ ಬಿದಿರಿನ ಕೊಳವೆ ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಆಮೇಲೆ ಬಿಸ್ಕತ್ತಿನ ಡಬ್ಬ, ಆಮೇಲೆ ಎಣ್ಣೆ ಪೀಪಾಯಿ. 1930, 40ರ ದಶಕಗಳಲ್ಲಿ ಬಡ ಬೀದಿಗಳ ಹುಡುಗರು ತಗಡು ತಟ್ಟಿ ತಟ್ಟಿ ಅದರೊಳಗೆ ಸ್ವರ ಕೂರಿಸಿದರು. ಈಗ ಅದು ರಾಷ್ಟ್ರೀಯ ವಾದ್ಯ. 2025ರಲ್ಲಿ ದೇಶದ ಲಾಂಛನದಿಂದ ಕೊಲಂಬಸ್‌ನ ಮೂರು ಹಡಗು ತೆಗೆದು ಸ್ಟೀಲ್‌ಪ್ಯಾನ್ ಇಡಲು ಸಂಸತ್ತು ಒಪ್ಪಿತು.

ಹೊಸೇ ಅಂದ್ರೆ ಮೊಹರಂ ಅಂತೆ. ನಾವು ನೋಡಬಹುದಾ?

ಉತ್ತರ ಕರ್ನಾಟಕದ ಅಲಾಯಿ ಹಬ್ಬ ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿಯೂ ಮುಸ್ಲಿಮರ ಜತೆ ಹಿಂದೂಗಳು, ಆಫ್ರಿಕನ್ ಮೂಲದವರು ಎಲ್ಲರೂ ಸೇರುತ್ತಾರೆ. ರಾಜಧಾನಿಯ ಸೇಂಟ್ ಜೇಮ್ಸ್‌ನಲ್ಲಿ ಬಿದಿರು, ಬಣ್ಣದ ಕಾಗದದಿಂದ ಕಟ್ಟಿದ ತಾಜಿಯಾಗಳು ರಾತ್ರಿ ಬೀದಿಗೆ ಬರುತ್ತವೆ. ದಾರಿಯುದ್ದಕ್ಕೂ ಟಾಸಾ ವಾದ್ಯ. ಬೆಂಕಿ ಹಾಕಿ ಅದರ ಚರ್ಮ ಬಿಸಿ ಮಾಡಿಕೊಳ್ಳುವುದನ್ನು ಹತ್ತಿರ ನಿಂತು ನೋಡಿ, ನಮ್ಮ ತಮಟೆಯವರು ಮಾಡುವ ಹಾಗೆಯೇ. ಇದು ಶೋಕದ ಆಚರಣೆ. ಕುಡಿದು ಕುಣಿಯುವ ಜಾಗ ಅಲ್ಲ. 1884ರಲ್ಲಿ ಸ್ಯಾನ್ ಫರ್ನಾಂಡೊದಲ್ಲಿ ಇದೇ ಮೆರವಣಿಗೆ ಮೇಲೆ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿ ಜನರನ್ನು ಕೊಂದರು. ಅಲ್ಲಿನ ಹಿರಿಯರು ಅದನ್ನು ಇನ್ನೂ ಹೇಳುತ್ತಾರೆ.

ಕ್ರಿಕೆಟ್ ಮಾತಾಡಿದ್ರೆ ಖುಷಿ ಪಡ್ತಾರಾ?

ತುಂಬಾ. ಹಿರಿಯರ ಜತೆ 1976ರ ಪೋರ್ಟ್ ಆಫ್ ಸ್ಪೇನ್ ಟೆಸ್ಟ್ ತೆಗೆಯಿರಿ. ಭಾರತ 403 ರನ್ ಗುರಿ ಬೆನ್ನಟ್ಟಿ ಗೆದ್ದ ಪಂದ್ಯ. ನಮ್ಮ ಭದ್ರಾವತಿಯ ವಿಶ್ವನಾಥ್ 112 ಹೊಡೆದರು. ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ 6 ವಿಕೆಟ್ ತೆಗೆದರು. ಇದನ್ನು ಹೇಳಿದ ಮೇಲೆ ಮಾತು ಮುಗಿಯುವುದಿಲ್ಲ.

## ಸ್ವಲ್ಪ ಆಳಕ್ಕೆ

ಅಲ್ಲಿನ ಭಾರತೀಯರು ನಮ್ಮವರೇ ಅಲ್ವಾ? ನೇರವಾಗಿ ಸಂಬಂಧ ಬೆಳೆಸಬಹುದಲ್ಲ?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕು.

1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಕಲ್ಕತ್ತೆಯಿಂದ ಸುಮಾರು 225 ಜನರನ್ನು ಅಲ್ಲಿಗೆ ತಂದಿತು. ಗುಲಾಮಗಿರಿ ಹೋದ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಿತ್ತು. 1917ರವರೆಗೆ ಹೀಗೆ ಕರಾರು ಕೂಲಿಗಳಾಗಿ ಬಂದವರು 1,40,000ಕ್ಕೂ ಹೆಚ್ಚು. ಜಾಸ್ತಿ ಜನ ಇಂದಿನ ಉತ್ತರ ಪ್ರದೇಶ, ಬಿಹಾರದವರು. ಮದ್ರಾಸ್ ಬಂದರಿನಿಂದಲೂ ಒಂದಷ್ಟು ಜನ ಹೋದರು. ಹಡಗಿನಲ್ಲಿ ಜತೆಯಾದವರು ಜಾತಿ ಊರು ಮರೆತು "ಜಹಾಜಿ ಭಾಯಿ" ಆದರು. ಆ ನಂಟು ರಕ್ತಸಂಬಂಧದಷ್ಟೇ ಗಟ್ಟಿ.

ಅವರು ಟ್ರಿನಿಡಾಡ್‌ನವರು. ಐದಾರು ತಲೆಮಾರು ಅಲ್ಲೇ ಬೆವರು ಸುರಿಸಿದವರು. "ನಿಮ್ಮ ಜಾತಿ ಯಾವುದು, ಹಿಂದಿ ಯಾಕೆ ಬರಲ್ಲ, ಪೂಜೆ ಹೀಗಾ ಮಾಡೋದು?" ಅಂತ ಕೇಳಬೇಡಿ. ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದರು. ಮನೆಯ ಯಜಮಾನರು ಮೆಲ್ಲಗೆ ಮಾತು ಬದಲಿಸಿದರು. ಆ ಸಂಜೆ ಮತ್ತೆ ಮೊದಲಿನ ಸಲುಗೆ ಬರಲಿಲ್ಲ.

ಹಾಗಂತ ಹೋಲಿಕೆ ಕಂಡಾಗ ಮುಖ ತಿರುಗಿಸಬೇಕಿಲ್ಲ. ತಂದೆಯ ತಾಯಿಯನ್ನು ಅವರು "ಆಜಿ" ಅನ್ನುತ್ತಾರೆ. ನನಗೆ ಅದು ಪ್ರತಿ ಸಲ "ಅಜ್ಜಿ" ಅಂತಲೇ ಕೇಳಿಸುತ್ತಿತ್ತು. ಬೆಂದ ಬೇಳೆಗೆ ಬಿಸಿ ಎಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ ಸಿಡಿಸಿ ಹಾಕುವುದಕ್ಕೆ "ಚುಂಕೇ" ಅನ್ನುತ್ತಾರೆ. ನಾವು ಒಗ್ಗರಣೆ ಅನ್ನುತ್ತೇವೆ ಅಂದೆ. ನಾನು ಹೋದ ಮನೆಯ ಆಜಿ "ಒಗರನೇ, ಒಗರನೇ" ಅಂತ ಎರಡು ಸಲ ಹೇಳಿ ನೋಡಿ, ಸೊಸೆಗೂ ಹೇಳಿಕೊಟ್ಟರು.

ಅಲ್ಲಿ ಮೈಸೂರಿಗೆ ಸಂಬಂಧಪಟ್ಟ ದೇವಸ್ಥಾನ ಇದೆಯಂತೆ, ನಿಜವಾ?

ನಿಜ. ಕ್ಯಾರಪಿಚೈಮಾದ ದತ್ತಾತ್ರೇಯ ಯೋಗ ಕೇಂದ್ರ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮಕ್ಕೆ ಸೇರಿದ್ದು. 85 ಅಡಿಯ ಹನುಮಂತನ ಮೂರ್ತಿ ಅಲ್ಲಿದೆ, 2003ರಲ್ಲಿ ಪ್ರತಿಷ್ಠೆಯಾಯಿತು.

ಆದರೆ ಅಲ್ಲಿಂದ ಸ್ವಲ್ಪ ದೂರದ ವಾಟರ್‌ಲೂನಲ್ಲಿ ಸಮುದ್ರದೊಳಗಿನ ಗುಡಿ ಇದೆ. ನನ್ನನ್ನು ಕೇಳಿದರೆ ಜಾಸ್ತಿ ಹೊತ್ತು ಅಲ್ಲಿ ಕೂರಿ. ಸೇವ್‌ದಾಸ್ ಸಾಧು ಎಂಬ ಕೂಲಿಯವರು ದಂಡೆಯಲ್ಲಿ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದು ಅಂತ ಕೆಡವಿಸಿ, ಅವರನ್ನು ಜೈಲಿಗೆ ಹಾಕಿದರು. ಹೊರಗೆ ಬಂದವರು ಸಮುದ್ರಕ್ಕೆ ಒಡೆಯರಿಲ್ಲವಲ್ಲ ಅಂತ ನೀರಿನೊಳಗೇ ಕಲ್ಲು ಹಾಕತೊಡಗಿದರು. ಸೈಕಲ್ ಮೇಲೆ ಕಲ್ಲು, ಸಿಮೆಂಟು ಹೊತ್ತು, ವರ್ಷಗಟ್ಟಲೆ, ಹೆಚ್ಚು ಕಡಿಮೆ ಒಬ್ಬರೇ. 1995ರಲ್ಲಿ ಅದನ್ನು ಮತ್ತೆ ಕಟ್ಟಿದ್ದಾರೆ. ಹೋಗುವ ದಾರಿಯ ಪಕ್ಕ ದಂಡೆಯಲ್ಲೇ ಹೆಣ ಸುಡುವ ಜಾಗವೂ ಇದೆ. ಯಾರಾದರೂ ಇದ್ದರೆ ಕ್ಯಾಮೆರಾ ಒಳಗಿಡಿ.

"ಮನೆ ಭೇಟಿ" ಅಂತ ಕರೆದುಕೊಂಡು ಹೋಗೋದು ನಾಟಕ ಅಲ್ವಾ?

ನಾಟಕ ಆಗುವುದುಂಟು. ಮೊದಲ ಸಲ ನಾನು ಹೋದ ಟೂರ್ ಕಂಪನಿ ಒಂದೇ ದಿನ ಆರು ಕಡೆ ನಿಲ್ಲಿಸಿತು. ಮನೆ ಭೇಟಿಗೆ 25 ನಿಮಿಷ. ಸೀರೆ ಉಟ್ಟ ಹೆಂಗಸೊಬ್ಬರು ರೋಟಿ ಬೇಯಿಸಿ ತೋರಿಸಿದರು, ನಾವು ಚಪ್ಪಾಳೆ ತಟ್ಟಿದೆವು, ಮುಂದಿನ ಬಸ್ಸು ಆಗಲೇ ಬಾಗಿಲಲ್ಲಿತ್ತು. ಅವರ ಹೆಸರು ಕೇಳುವುದಕ್ಕೂ ಹೊತ್ತಿರಲಿಲ್ಲ. ಅದು ನನಗೆ ಇಂದಿಗೂ ನೋವು.

ಮೂರನೆಯ ಸಲ ಗೈಡ್‌ಗೆ ಒಂದೇ ಮಾತು ಹೇಳಿದೆ, ಬೆಳಿಗ್ಗೆ ಒಂದು ಮನೆಯಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗಿ ಅಂತ. ಜಗಲಿಗೆ ಅಲ್ಲಿ "ಗ್ಯಾಲರಿ" ಅನ್ನುತ್ತಾರೆ. ಗ್ಯಾಲರಿಯಲ್ಲಿ ಕೂತು ಆಜಿಯ ಜತೆ ಬೋಡಿ ಮುರಿದೆ. ಮೊದಲ ಒಂದು ಗಂಟೆ ಮಾತೇ ಇರಲಿಲ್ಲ. ಆಮೇಲೆ ಪಕ್ಕದ ಮನೆಯ ಆಫ್ರಿಕನ್ ಮೂಲದ ಹೆಂಗಸು ಹಲಸಿನಂಥ ಬ್ರೆಡ್‌ಫ್ರೂಟ್ ತಂದುಕೊಟ್ಟು ಅಲ್ಲೇ ಕೂತರು. ಮಗಳ ಪರೀಕ್ಷೆ, ನೀರು ಬಿಡದ ನಲ್ಲಿ, ಕಾಲುನೋವಿನ ಮುಲಾಮು. ನಾನು ಅಷ್ಟು ದೂರ ಹೋಗಿದ್ದು ಆ ಮಾತುಗಳಿಗೇ.

ನಾವು ಕೊಡೋ ದುಡ್ಡು ಊರವರಿಗೆ ಸೇರುತ್ತಾ?

ಗೈಡ್ ಹತ್ತಿರ ನೇರವಾಗಿ ಕೇಳಿ. ನಾಚಿಕೊಳ್ಳಬೇಡಿ. ಊರವರೇ ನಡೆಸುವ ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋದರೆ ಅನುಮಾನವೇ ಬೇಡ. ಮಟೂರಾ ಊರಿನವರು 1990ರಿಂದ ನೇಚರ್ ಸೀಕರ್ಸ್ ಅಂತ ಸಂಘ ಕಟ್ಟಿಕೊಂಡು ಕಡಲಾಮೆ ಕಾಯುತ್ತಿದ್ದಾರೆ. ಒಂದು ಕಾಲಕ್ಕೆ ಮಾಂಸಕ್ಕಾಗಿ ಆಮೆ ಕಡಿಯುತ್ತಿದ್ದ ದಂಡೆ ಅದು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಪರವಾನಗಿ ಪಡೆದು, ಅವರ ಜತೆ ರಾತ್ರಿ ಹೋಗಬೇಕು. ಕೆಂಪು ದೀಪದ ಬೆಳಕಿನಲ್ಲಿ ಆಮೆ ಹಿಂಗಾಲಿನಿಂದ ಮರಳು ತೋಡುವುದನ್ನು ನೋಡುತ್ತಾ ನಿಂತಾಗ, ಪಕ್ಕದಲ್ಲಿ ಊರಿನ ಗೈಡ್ ಪಿಸುಮಾತಿನಲ್ಲಿ ಆ ದಂಡೆಯ ಹಳೆಯ ಕತೆ ಹೇಳುತ್ತಾರೆ.

ಟೊಬೇಗೊಗೂ ಹೋಗಬೇಕಾ?

ಎರಡು ದಿನ ಇದ್ದರೆ ಹೋಗಿ. ಕಸ್ಟಾರಾ ಊರಿನ ದಂಡೆಯಲ್ಲಿ ಬೆಳಿಗ್ಗೆ ಮೀನುಗಾರರು ಉದ್ದ ಬಲೆ ಎಳೆಯುತ್ತಾರೆ. ನಮ್ಮ ಕಾರವಾರ ಕಡೆಯ ರಂಪಣಿಯ ಹಾಗೆಯೇ, ಎರಡೂ ತುದಿಗೆ ಸಾಲಾಗಿ ನಿಂತು. ನಿಂತು ನೋಡುವವರಿಗೂ ಹಗ್ಗ ಹಿಡಿಯಲು ಕರೆಯುತ್ತಾರೆ. ಹಿಡಿಯಿರಿ.

ವಾಪಸ್ ಬಂದ ಮೇಲೆ ಅವರ ಜತೆ ಸಂಪರ್ಕ ಉಳಿಯುತ್ತಾ?

ನೀವು ಉಳಿಸಿಕೊಂಡರೆ ಉಳಿಯುತ್ತದೆ. ತೆಗೆದ ಫೋಟೊ ಕಳಿಸುತ್ತೇನೆ ಅಂದಿದ್ದರೆ ಮೊದಲ ವಾರದಲ್ಲೇ ಕಳಿಸಿ. ಎಷ್ಟೋ ಜನ ಹೇಳಿ ಕಳಿಸುವುದಿಲ್ಲ, ಅವರಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಆಜಿ ಬೆಳಿಗ್ಗೆ ಆರಕ್ಕೆ ಮೊಮ್ಮಗನ ಫೋನಿನಲ್ಲಿ ಕಳಿಸುವ "ಗುಡ್ ಮಾರ್ನಿಂಗ್" ನನಗೆ ಮಧ್ಯಾಹ್ನ ಮೂರೂವರೆಗೆ ಬರುತ್ತದೆ. ಕಳೆದ ವಾರದ್ದರಲ್ಲಿ ಹಿಂದೆ ಬೇಳೆಗೆ ಎಣ್ಣೆ ಬಿದ್ದ ಚುಂಯ್ ಸದ್ದು ಇತ್ತು.